ಸಹಾಯ ಬೇಕು: ಕೆಲಸ ಮಾಡಿಸುವಾಗ 'ಗೆಟ್' ಬಳಸಬೇಕಾ, 'ಹ್ಯಾವ್' ಬಳಸಬೇಕಾ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇಂಗ್ಲಿಷಿನ 'ಗೆಟ್' ಜೊತೆ ಒದ್ದಾಡುತ್ತಿದ್ದೇನೆ, ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ನಿಘಂಟು ನೋಡಿದರೆ ಅರ್ಥಗಳು ಮುಗಿಯುವುದೇ ಇಲ್ಲ. 'ಗಾಟ್ ಎ ಲೆಟರ್' ಅಂದರೆ ಪತ್ರ ಬಂತು, 'ಗಾಟ್ ಹೋಮ್' ಅಂದರೆ ಮನೆ ತಲುಪಿದೆ, 'ಗೆಟ್ಟಿಂಗ್ ಕೋಲ್ಡ್' ಅಂದರೆ ತಣ್ಣಗಾಗುತ್ತಿದೆ, 'ಐ ಗೆಟ್ ಇಟ್' ಅಂದರೆ ಅರ್ಥ ಆಯ್ತು. ಇವನ್ನೆಲ್ಲ ವಾಕ್ಯ ಬರೆದು ಬರೆದು ಹೇಗೋ ರೂಢಿ ಮಾಡಿಕೊಂಡೆ.

ಸಿಕ್ಕಿಹಾಕಿಕೊಂಡಿರುವುದು ಬೇರೆಯವರಿಂದ ಕೆಲಸ ಮಾಡಿಸುವ ಕಡೆ. ಕನ್ನಡದಲ್ಲಿ 'ಮಾಡು' ಇದ್ದದ್ದು 'ಮಾಡಿಸು' ಆಗುತ್ತದೆ, ಅಷ್ಟೇ ಅಲ್ವಾ? ಇಂಗ್ಲಿಷಿನಲ್ಲಿ 'ಐ ಗಾಟ್ ಮೈ ಫೋನ್ ರಿಪೇರ್ಡ್' ಅಂದರೂ 'ಐ ಹ್ಯಾಡ್ ಮೈ ಫೋನ್ ರಿಪೇರ್ಡ್' ಅಂದರೂ ಫೋನ್ ರಿಪೇರಿ ಮಾಡಿಸಿದೆ ಅಂತಲೇ. ಆದರೆ ಮಾಡಿದವರನ್ನೂ ಸೇರಿಸಿ ಹೇಳಬೇಕಾದರೆ 'ಗಾಟ್ ಹಿಮ್ ಟು ರಿಪೇರ್ ಇಟ್' ಎಂದು 'ಟು' ಬರುತ್ತದೆ, 'ಹ್ಯಾಡ್ ಹಿಮ್ ರಿಪೇರ್ ಇಟ್' ಅನ್ನುವಾಗ ಬರುವುದಿಲ್ಲ. ನಿಯಮ ಬಾಯಿಪಾಠ ಆಗಿದೆ, ಆದರೆ ಮಾತಾಡುವಾಗ ಯಾವುದನ್ನು ಆರಿಸಬೇಕು ಅನ್ನುವಲ್ಲೇ ನಾಲಿಗೆ ತಡೆಯುತ್ತದೆ. ಸಾಲದ್ದಕ್ಕೆ 'ಐ ಹ್ಯಾಡ್ ಮೈ ಬ್ಯಾಗ್ ಸ್ಟೋಲನ್' ಅಂದರೆ ನಾನೇ ಕದಿಯಲು ಹೇಳಿದೆ ಅಂತಲ್ಲ, ಬ್ಯಾಗ್ ಕಳುವಾಯ್ತು ಅಂತ! ಇದನ್ನು ಓದಿದ ಮೇಲೆ ಗೊಂದಲ ಇನ್ನೂ ಜಾಸ್ತಿ ಆಯ್ತು.

ನನ್ನ ಪ್ರಶ್ನೆ ಇದು: 'ಗಾಟ್ ಹಿಮ್ ಟು' ಮತ್ತು 'ಹ್ಯಾಡ್ ಹಿಮ್' ಇವೆರಡರ ಅರ್ಥದಲ್ಲಿ ವ್ಯತ್ಯಾಸ ಇದೆಯಾ? ಒಪ್ಪದವರನ್ನು ಒಪ್ಪಿಸಿ ಮಾಡಿಸಿದ್ದಕ್ಕೆ ಒಂದು, ಸುಮ್ನೆ ಹೇಳಿ ಮಾಡಿಸಿದ್ದಕ್ಕೆ ಇನ್ನೊಂದಾ? ಒಂದೊಂದು ಉದಾಹರಣೆ ಕೊಟ್ಟು ಹೇಳುತ್ತೀರಾ?