ಐಬು, ಚಾಳಿ, ನಖರಾ: ಹಳೆಯ ಯಂತ್ರಕ್ಕೆ ಯಾವ ಪದ?

ಗೆಳೆಯರೇ,

ಹಳೆಯ ಕೈಕಂಪ್ಯೂಟರ್ ಬಳಸುವವರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಡಚಿ ಜೇಬಿಗೆ ಹಾಕಿಕೊಳ್ಳುವ, ಪುಟ್ಟ ಕೀಬೋರ್ಡ್ ಇರುವ ಯಂತ್ರಗಳು: 1994ರ ಎಚ್‌ಪಿ 200ಎಲ್‌ಎಕ್ಸ್, 1997ರ ಸಯಾನ್ ಸೀರೀಸ್ 5, ಅಂಥವು. ಇವುಗಳ ತೊಂದರೆಗಳಿಗೆಲ್ಲ ‘ದೋಷ’ ಎಂದೇ ಬರೆಯುತ್ತಾ ಹೋದರೆ ಓದುವವರು ಹೆದರಿ ಯಂತ್ರವನ್ನು ಗುಜರಿಗೆ ಹಾಕುತ್ತಾರೆ. ಎಲ್ಲವೂ ದೋಷ ಅಲ್ಲ ಅಲ್ವಾ?

ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರಿಪೇರಿ ಮಾಡುವವರ ಬಾಯಲ್ಲಿ ಕೇಳಿದ ಮಾತು: ‘ಇದರಾಗ ಐಬ್ ಏನಿಲ್ರಿ, ಸುಮ್ನೆ ನಖರಾ ಮಾಡ್ಲಾಕತ್ತದ.’ ಐಬು ಅರಬ್ಬಿಯಿಂದ, ನಖರಾ ಪಾರ್ಸಿಯಿಂದ, ಎರಡೂ ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದವು. ಆದರೆ ಇಲ್ಲಿ ಅವು ಒಂದೇ ಅರ್ಥದಲ್ಲಿ ಓಡಾಡುವುದಿಲ್ಲ.

ನನಗೆ ತಿಳಿದಂತೆ ಐಬು ಎಂದರೆ ಯಂತ್ರದ ಕಟ್ಟಣೆಯಲ್ಲೇ ಇರುವ ಕೊರತೆ. ಸೀರೀಸ್ 5ರಲ್ಲಿ ಪರದೆಗೆ ಹೋಗುವ ಚಪ್ಪಟೆ ಕೇಬಲ್ ಪ್ರತಿ ಸಲ ಮುಚ್ಚಳ ತೆರೆದಾಗಲೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿದ ಮೇಲೆ ಬಿರುಕು ಬಿಡುತ್ತದೆ. ಇದು ಐಬು, ಅನುಮಾನವೇ ಇಲ್ಲ.

ಆ ಬಿರುಕಿನಿಂದ ಪರದೆಯ ಮೇಲೆ ಗೆರೆ ಬಂದು, ಮುಚ್ಚಳವನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿದರೆ ಮಾಯವಾಗಿ, ಮತ್ತೆ ಬರುತ್ತದಲ್ಲ, ಅದು ನಖರಾ. ಮೂಲ ಒಂದೇ, ಆದರೆ ಬಳಸುವವರ ಕಣ್ಣಿಗೆ ಕಾಣುವುದು ಬೇರೆ. ನಖರಾ ಮಾಡುವ ಯಂತ್ರವನ್ನು ಪುಸಲಾಯಿಸಬೇಕು. ಮೂಡು ಬಂದರೆ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಇಲ್ಲ. ಮದುವೆಗೆ ಬಂದ ಬೀಗರನ್ನು ಕುರಿತು ಹೇಳುವಾಗ ಇರುವ ಬೇಸರವೂ ಸಲುಗೆಯೂ ಈ ಪದದಲ್ಲಿ ಇವೆ. ‘ತೊಂದರೆ’ ಎಂದು ಬರೆದರೆ ಅದೆಲ್ಲ ಹೋಗಿಬಿಡುತ್ತದೆ.

ಚಾಳಿ ಬೇರೆಯೇ. ಗೊತ್ತಿದ್ದರೆ ಅದರ ಜೊತೆ ಬದುಕಬಹುದು. ಸೀರೀಸ್ 5 ಎರಡು ಎಎ ಸೆಲ್‌ಗಳಲ್ಲಿ ಓಡುತ್ತದೆ. ಬರೆದದ್ದೆಲ್ಲ ವಿದ್ಯುತ್ ಇರುವವರೆಗೆ ಮಾತ್ರ ನೆನಪಿಡುವ ರ್‍ಯಾಮ್‌ನಲ್ಲಿ ಇರುತ್ತದೆ. ಆ ಸೆಲ್ ಬದಲಾಯಿಸುವಾಗ ಅದನ್ನು ಕಾಯುವುದು ಒಂದು ನಾಣ್ಯದಂಥ ಸೆಲ್. ಅದೂ ಸತ್ತಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ. ಹಾಗಾಗಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ಗೆ ಒಂದು ಪ್ರತಿ ಹಾಕಿಡುವುದು ರೂಢಿ. ರೀಚಾರ್ಜ್ ಸೆಲ್ ಹಾಕಿದರೆ ಇನ್ನೊಂದು ಚಾಳಿ: ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದೆ, ಆಮೇಲೆ ತಟ್ಟನೆ ಬೀಳುತ್ತದೆ. ಎಚ್ಚರಿಕೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇದನ್ನು ಐಬು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮುಚ್ಚಳದ ಕೀಲಿಗೂ ಪದ ಬೇಕು. ಬಡಗಿಗಳು ಬಿಜಾಗರಿ ಎನ್ನುತ್ತಾರೆ, ಕೆಲವರು ಕಬ್ಜಾ ಎನ್ನುತ್ತಾರೆ. ‘ಕಬ್ಜಾ ಸಡಿಲವಾಗಿದೆ’ ಎಂದರೆ ಪತ್ರಿಕೆ ಓದುವವರಿಗೆ ಜಮೀನಿನ ಜಗಳ ನೆನಪಾದೀತು! ನಾನು ಬಿಜಾಗರಿಯ ಕಡೆ ವಾಲುತ್ತಿದ್ದೇನೆ.

ಬೀದರ್, ಯಾದಗಿರಿಯವರು ಹೇಳಿ. ನಿಮ್ಮಲ್ಲಿ ಯಂತ್ರಕ್ಕೆ ‘ನಖರಾ’ ಬಳಸುತ್ತಾರಾ, ಇಲ್ಲ ಅದು ಮನುಷ್ಯರಿಗೆ ಮಾತ್ರವಾ? ಗುಂಡಿ ಒತ್ತಿದರೂ ಅಕ್ಷರ ಮೂಡದಿದ್ದಾಗ ಏನನ್ನುತ್ತೀರಿ? ಮೈಸೂರು, ಮಂಗಳೂರು ಕಡೆಯವರಿಗೆ ಐಬು ಎಂದರೆ ಥಟ್ಟನೆ ಗೊತ್ತಾಗುತ್ತದಾ? ಅಡಿಟಿಪ್ಪಣಿ ಹಾಕದೆ ಬಳಸುವ ಆಸೆ ನನಗೆ.