ಸಣ್ಣ ಬೈಕಿನ ಟೈರ್ ಬದಲಿಸುವುದು, ಜೊತೆಗೆ ಮನೆಯಲ್ಲೇ ಸರ್ವಿಸ್: ಮಾಡಿ ಗೊತ್ತಿರುವವರು ಹೇಳಿ

ಕೇಳಿದವರು:

ನನ್ನದು 125 ಸಿಸಿ ಬೈಕು. ಸ್ಪೋಕ್ ಚಕ್ರ, ಎರಡೂ ಕಡೆ ಡ್ರಮ್ ಬ್ರೇಕ್. ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗಿದೆ. ಮುಂದಿನದರಲ್ಲಿ ಗ್ರಿಪ್ ಇನ್ನೂ ಚೆನ್ನಾಗಿದೆ, ಆದರೆ ಪಕ್ಕದಲ್ಲೆಲ್ಲ ಸಣ್ಣ ಸಣ್ಣ ಬಿರುಕು. ಎರಡನ್ನೂ ಬದಲಿಸಿ, ಅದೇ ನೆಪದಲ್ಲಿ ಆಯಿಲ್, ಚೈನ್, ಬ್ರೇಕ್ ಎಲ್ಲ ನಾನೇ ನೋಡಿಕೊಳ್ಳೋಣ ಅಂತ ಆಸೆ. ಸ್ಪ್ಯಾನರ್ ಸೆಟ್ ಇದೆ, ಸೆಂಟರ್ ಸ್ಟ್ಯಾಂಡ್ ಇದೆ. ಚಕ್ರ ಬಿಚ್ಚಿ ಮಾತ್ರ ಅಭ್ಯಾಸ ಇಲ್ಲ. ಹಿಂದೆ ಒಂದು ಸೈಜ್ ಅಗಲದ ಟೈರ್ ಹಾಕಬಹುದಾ? ಯಾವುದರಿಂದ ಶುರು ಮಾಡಲಿ? ಯಾವುದನ್ನು ಮುಟ್ಟದೇ ಬಿಡಲಿ?

ತಮ್ಮ ಬೈಕಿನ ಕೆಲಸ ತಾವೇ ಮಾಡಿಕೊಳ್ಳುವವರೊಬ್ಬರು:

ಮೊದಲು ಅಗಲದ ಮಾತು ಮುಗಿಸಿಬಿಡೋಣ. ಬೇಡ. ಸಣ್ಣ ಬೈಕಿನ ರಿಮ್ ಕಿರಿದಾಗಿರುತ್ತದೆ. ಅದಕ್ಕೆ ಅಗಲದ ಟೈರ್ ಹಾಕಿದರೆ ಅಂಚುಗಳು ಒಳಕ್ಕೆ ಅದುಮಿಕೊಂಡು ಮೈ ಉಬ್ಬುತ್ತದೆ. ನೆಲಕ್ಕೆ ತಾಗುವ ಜಾಗ ಅಂದುಕೊಂಡಷ್ಟು ಹೆಚ್ಚುವುದಿಲ್ಲ. ತಿರುವಿನಲ್ಲಿ ಬೈಕ್ ವಾಲುವ ರೀತಿ ಬದಲಾಗುತ್ತದೆ, ಚೈನ್ ಕವರಿಗೆ ಉಜ್ಜಿದರೂ ಉಜ್ಜಬಹುದು. ನೋಡೋಕೆ ದಪ್ಪಗೆ ಚೆನ್ನಾಗಿರುತ್ತದೆ, ಅಷ್ಟೇ.

ಹಳೇ ಟೈರಿನ ಪಕ್ಕದಲ್ಲಿ 2.75-18 ಅಂತಲೋ 80/100-18 ಅಂತಲೋ ಬರೆದಿರುತ್ತದೆ. ಎರಡನೇ ಥರದಲ್ಲಿ 80 ಅಂದರೆ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 100 ಅಂದರೆ ಟೈರಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು. 18 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದರ ಪಕ್ಕ 47ಪಿ ಥರದ ಗುರುತು ಇದ್ದರೆ 47 ಭಾರದ್ದು, ಅಂದರೆ 175 ಕೆಜಿ. ಪಿ ವೇಗದ್ದು, ಗಂಟೆಗೆ 150 ಕಿಮೀ. ಬೈಕಿನ ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ಗುರುತಿನದು ತರಬೇಡಿ. ಕೊಳ್ಳುವಾಗ ಇನ್ನೊಂದು ನೋಡಿ: ಪಕ್ಕದಲ್ಲೇ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಮಲಗಿದ್ದ ಟೈರನ್ನು ಹೊಸದು ಅಂತ ತರುವುದರಲ್ಲಿ ಅರ್ಥವಿಲ್ಲ.

ಮುಂದಿನ ಟೈರನ್ನೂ ಬದಲಿಸಿ, ಗ್ರಿಪ್ ಇದೆ ಅಂತ ಇಟ್ಟುಕೊಳ್ಳಬೇಡಿ. ಬಿರುಕು ಬಿಟ್ಟಿದೆ ಅಂದರೆ ರಬ್ಬರ್ ಒಣಗಿ ಗಟ್ಟಿಯಾಗಿದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ, ಮುಂದಿನದು ಜಾರಿದರೆ ಸಿಗೋದಿಲ್ಲ. ಟೈರಿನ ಜೊತೆ ಹೊಸ ಟ್ಯೂಬ್, ರಿಮ್ಮಿನೊಳಗೆ ಸುತ್ತುವ ಹೊಸ ರಿಮ್ ಟೇಪ್ ಎರಡೂ ತನ್ನಿ. ಸ್ಪೋಕ್ ರಿಮ್ಮಿಗೆ ಟ್ಯೂಬ್ ಬೇಕೇ ಬೇಕು. ಸ್ಪೋಕ್ ನಿಪ್ಪಲ್ಲಿನ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ.

ಈಗ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ: ಚಕ್ರ ಹೊರಗೆ ಬಂದಾಗಲೇ ಹಬ್, ಅಂದರೆ ಚಕ್ರದ ನಡುಭಾಗದ ಒಳಗಿನದ್ದನ್ನೆಲ್ಲ ನೋಡಿಬಿಡಿ. ಬರೀ ಟೈರ್ ಬದಲಿಸಿ ವಾಪಸ್ ಏರಿಸಿದರೆ, ಬ್ರೇಕ್ ಶೂ ಸವೆದಾಗ ಅದೇ ಕೆಲಸ ಮತ್ತೆ ಮಾಡಬೇಕು.

ಬೈಕ್ ನೆಲದ ಮೇಲೆ ಇರುವಾಗಲೇ ಆಕ್ಸಲ್ ನಟ್ ಸ್ವಲ್ಪ ಸಡಿಲಿಸಿ, ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ. ಸ್ಟ್ಯಾಂಡ್ ಮೇಲೆ ಜೋರಾಗಿ ಎಳೆದರೆ ಬೈಕೇ ಮಗುಚುತ್ತದೆ. ಹಿಂದೆ ಬ್ರೇಕ್ ರಾಡಿನ ನಟ್, ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡ್, ಆಮೇಲೆ ಆಕ್ಸಲ್. ಬಿಚ್ಚುವ ಮುಂಚೆ ಎರಡೂ ಪಕ್ಕದಿಂದ ಫೋಟೋ ತೆಗೆದುಕೊಳ್ಳಿ. ಆಕ್ಸಲ್ ಮೇಲೆ ಕೂರುವ ಬುಷ್ ಯಾವ ಕಡೆಯದು ಅನ್ನುವ ಗೊಂದಲ ಎಲ್ಲರಿಗೂ ಆಗುತ್ತದೆ. ಕೆಲವು ಸಣ್ಣ ಬೈಕುಗಳಲ್ಲಿ ಸ್ಪ್ರಾಕೆಟ್ ಅಲ್ಲೇ ನಿಲ್ಲುತ್ತದೆ, ಚಕ್ರ ಮಾತ್ರ ಹೊರಗೆ ಬರುತ್ತದೆ. ನಿಮ್ಮದು ಹಾಗಿದ್ದರೆ ಚೈನ್ ಮುಟ್ಟುವ ಕೆಲಸವೇ ಇಲ್ಲ.

ಒಳಗೆ ಏನು ನೋಡಬೇಕು? ಬೇರಿಂಗಿನ ಒಳಬಳೆಗೆ ಬೆರಳು ಹಾಕಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಮರಳು ಸಿಕ್ಕಂತೆ ಕರಕರ ಅಂದರೆ ಬದಲಿಸಬೇಕು. ಸ್ಪ್ರಾಕೆಟ್ ಕಡೆ ಇರುವ ರಬ್ಬರ್ ತುಂಡುಗಳು ಸವೆದು ಸಡಿಲವಾಗಿದ್ದರೆ ಗೇರ್ ಹಾಕುವಾಗ, ಆಕ್ಸಿಲರೇಟರ್ ಬಿಟ್ಟು ಕೊಡುವಾಗ ಧಕ್ ಅಂತ ಎಳೆಯುತ್ತದೆ. ಬಹಳ ಜನ ಅದಕ್ಕೆ ಚೈನನ್ನು ಬೈಯುತ್ತಾರೆ. ಬ್ರೇಕ್ ಶೂಗಳ ಧೂಳನ್ನು ಮಾತ್ರ ಬಾಯಲ್ಲಿ ಊದಬೇಡಿ, ಕಂಪ್ರೆಸರ್ ಗಾಳಿಯೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಶೂಗಳನ್ನು ಅಗಲಿಸುವ ಬ್ರೇಕ್ ಕ್ಯಾಮಿಗೆ ಒಂದು ಚೂರು ಗ್ರೀಸ್ ಹಚ್ಚಿ, ಶೂ ಮೇಲೆ ಕಲೆಯೂ ಬೀಳಬಾರದು.

ಟೈರ್ ಬಿಚ್ಚುವಾಗ ತೋಳಿನ ಬಲಕ್ಕಿಂತ ರಿಮ್ಮಿನ ನಡುವಿನ ತಗ್ಗು ಮುಖ್ಯ. ರಿಮ್ಮಿನ ಎರಡು ಅಂಚು ಎತ್ತರ, ಮಧ್ಯೆ ತಗ್ಗು, ನೋಡಿದರೆ ಗೊತ್ತಾಗುತ್ತದೆ. ಟೈರಿನ ಬೀಡು, ಅಂದರೆ ರಿಮ್ಮಿಗೆ ಕೂರುವ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ಒಂದು ಕಡೆ ಲಿವರ್ ಹಾಕಿ ಎತ್ತುವಾಗ ಎದುರು ಕಡೆಯ ಬೀಡು ಆ ತಗ್ಗಿಗೆ ಇಳಿದಿರಬೇಕು. ಇಳಿದಿದ್ದರೆ ಸಡಿಲ ಸಿಗುತ್ತದೆ, ಸಲೀಸಾಗಿ ಬರುತ್ತದೆ. ಇಳಿಯದಿದ್ದರೆ ಲಿವರ್ ಮೇಲೆ ಹತ್ತಿ ನಿಂತರೂ ಬರಲ್ಲ, ರಿಮ್ ಸೊಟ್ಟಗಾಗುತ್ತದೆ ಅಷ್ಟೇ. ಅದಕ್ಕೇ ಎದುರು ಕಡೆ ಮೊಣಕಾಲು ಊರಿಕೊಂಡು ಕೂತು ಕೆಲಸ ಮಾಡುವುದು.

ಬಿಚ್ಚುವಾಗ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಎರಡೂ ಕಡೆ ಬೀಡನ್ನು ತುಳಿದು ಬಿಡಿಸಿ, ವಾಲ್ವ್ ಹತ್ತಿರದಿಂದ ಶುರು ಮಾಡಿ. ಹಾಕುವಾಗ ಉಲ್ಟಾ: ಎದುರು ಕಡೆಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ವಾಲ್ವ್ ಇರುವಲ್ಲಿ ಟ್ಯೂಬಿನ ದಪ್ಪ ಬುಡ ತಗ್ಗಿನಲ್ಲಿ ಕೂತಿರುತ್ತದೆ, ಬೀಡು ಅಲ್ಲಿ ಇಳಿಯಲಾರದು. ಟ್ಯೂಬಿಗೆ ಗುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ. ಆಗ ಮಡಿಕೆ ಬೀಳುವುದಿಲ್ಲ, ಲಿವರಿಗೂ ಸಿಕ್ಕುವುದಿಲ್ಲ. ಬೀಡಿಗೆ ಸೋಪಿನ ನೀರು ಧಾರಾಳವಾಗಿ ಹಚ್ಚಿ. ಗ್ರೀಸ್, ಆಯಿಲ್ ಬೇಡ. ಲಿವರಿನಲ್ಲಿ ಒಂದೊಂದು ಸಲಕ್ಕೆ ಎರಡು ಬೆರಳಗಲ ಮಾತ್ರ ತೆಗೆದುಕೊಳ್ಳಿ. ಕೊನೇ ಭಾಗಕ್ಕೆ ಬಂದಾಗ ವಾಲ್ವನ್ನು ಒಳಕ್ಕೆ ಒತ್ತಿ, ಟ್ಯೂಬ್ ಬೀಡಿನ ಕೆಳಗೆ ಸಿಕ್ಕಿಲ್ಲ ಅಂತ ನೋಡಿ, ಆಮೇಲೆ ಮುಗಿಸಿ. ಶುರು ಮಾಡುವ ಮೊದಲು ಪಕ್ಕದ ಬಾಣದ ಗುರುತನ್ನು ನೋಡುವುದು ಮರೆಯಬೇಡಿ, ಚಕ್ರ ಮುಂದಕ್ಕೆ ತಿರುಗುವ ದಿಕ್ಕು ಅದು. ಹಳದಿ ಅಥವಾ ಕೆಂಪು ಚುಕ್ಕಿ ಇದ್ದರೆ ಅದು ವಾಲ್ವಿನ ಪಕ್ಕ ಬರಲಿ.

ವಾಲ್ವಿನ ಪುಟ್ಟ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ಕ್ಯಾಪಿನ ಹತ್ತಿರ ತಿರುಗಿಸಿಡಿ. ಗಾಳಿ ಕಡಿಮೆಯಾಗಿ ಟೈರ್ ರಿಮ್ಮಿನ ಮೇಲೆ ಜಾರಿದರೆ ವಾಲ್ವ್ ಓರೆಯಾಗಿ ಕಣ್ಣಿಗೆ ಬೀಳುತ್ತದೆ. ಬಿಗಿದಿಟ್ಟರೆ ಬುಡದಲ್ಲೇ ಹರಿಯುತ್ತದೆ, ಅದು ಓಡುತ್ತಿರುವಾಗಲೇ.

ಗ್ಯಾರೇಜಿನಲ್ಲಿ ಕೆಲಸ ಮಾಡಿದವರು:

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಮೊದಲ ಸಲಕ್ಕೆ ನನ್ನ ಸಲಹೆ ಬೇರೆ. ಚಕ್ರ ನೀವೇ ಬಿಚ್ಚಿ, ಟೈರ್ ಹಾಕಿಸೋಕೆ ಚಕ್ರ ಹಿಡಿದುಕೊಂಡು ಪಂಕ್ಚರ್ ಅಂಗಡಿಗೆ ಹೋಗಿ. ಹೊಸ ಟೈರ್ ಗಟ್ಟಿಯಾಗಿರುತ್ತದೆ, ಹೊಸ ಟ್ಯೂಬನ್ನು ಲಿವರ್ ಚಿವುಟಿದರೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ನಿಂತು ಕೈ ನೋಡಿಕೊಳ್ಳಿ, ಮುಂದಿನ ಸಲ ಮಾಡಿ.

ನಾನು ಹೆದರುವುದು ಟೈರಿಗಲ್ಲ, ಮುಂದಿನ ಡ್ರಮ್ಮಿಗೆ. ಮುಂದಿನ ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇದೆ. ಫೋರ್ಕಿನ ಕಾಲಿನಲ್ಲಿ ಒಂದು ಮೂತಿ ಚಾಚಿಕೊಂಡಿದೆ. ಆ ಮೂತಿ ಕಚ್ಚಿನೊಳಗೆ ಕೂರಲೇಬೇಕು. ಕೂರದೆ ಆಕ್ಸಲ್ ಬಿಗಿದರೂ ಚಕ್ರ ತಿರುಗುತ್ತದೆ, ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಬ್ರೇಕ್ ಹಿಡಿದ ಕೂಡಲೇ ಪ್ಲೇಟೇ ಸುತ್ತಿಕೊಂಡು ಚಕ್ರ ಕಚ್ಚಿ ನಿಲ್ಲುತ್ತದೆ. ಹಿಂದೆ ಅದೇ ಕೆಲಸ ಟಾರ್ಕ್ ರಾಡಿನದು. ಅದರ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಿ. ಸ್ಪೀಡೋಮೀಟರ್ ಕೇಬಲ್ ಹಬ್ಬಿಗೆ ಬರುವ ಬೈಕಾದರೆ ಅದರ ಹಲ್ಲು ಹಬ್ಬಿನ ಕಚ್ಚಿಗೆ ಕೂತಿದೆಯಾ ನೋಡಿ. ಬಿಗಿಯುವ ಮುಂಚೆ ನೋಡಿ, ಆಮೇಲೆ ಅಲ್ಲ. ಪ್ಲಾಸ್ಟಿಕ್ ಹಲ್ಲು ಪುಡಿಯಾಗುತ್ತದೆ.

ಆಯಿಲ್ ಸುಲಭ. ಬೈಕ್ ಒಂದು ಸುತ್ತು ಓಡಿಸಿ ಬಂದು ಬೆಚ್ಚಗಿರುವಾಗ ಇಳಿಸಿ. ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಅಂತ ಇರಬೇಕು. ಈ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. ಗ್ರೇಡು, ಅಳತೆ ಎರಡೂ ಪುಸ್ತಕ ನೋಡಿ. ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು. ಡ್ರೈನ್ ಬೋಲ್ಟ್ ಕೂರುವುದು ಅಲ್ಯೂಮಿನಿಯಮ್ಮಿನಲ್ಲಿ. ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಚಿಕ್ಕ ಸ್ಪ್ಯಾನರಿನಲ್ಲಿ ಒಂದು ಒತ್ತು. ಉದ್ದ ಪೈಪ್ ಸಿಕ್ಕಿಸಿ ಬಿಗಿಯುವ ಶೂರರ ಥ್ರೆಡ್ ಕೂರಿಸೋದೇ ಗ್ಯಾರೇಜಿನ ಅರ್ಧ ಸಂಪಾದನೆ.

ಏರ್ ಫಿಲ್ಟರ್ ಸ್ಪಂಜಿನದಾದರೆ ತೊಳೆದು ಒಣಗಿಸಿ, ಪುಸ್ತಕ ಹೇಳಿದ ಎಣ್ಣೆ ಹಚ್ಚಿ ಹಾಕಿ. ಎಣ್ಣೆ ಹಚ್ಚಿದ ಪೇಪರಿನದಾದರೆ ತೊಳೆಯೋದೂ ಇಲ್ಲ, ಊದೋದೂ ಇಲ್ಲ, ಹೊಸದೇ. ಸ್ಪಾರ್ಕ್ ಪ್ಲಗ್ ತಣ್ಣಗಿರುವಾಗ ಬಿಚ್ಚಿ, ಗ್ಯಾಪ್ ನೋಡಿ, ಎಷ್ಟಿರಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ಮುಟ್ಟದೇ ಬಿಡಬೇಕಾದದ್ದು ಕೇಳಿದ್ದೀರಲ್ಲ: ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವುಗಳ ಸಂದು ಹೊಂದಿಸುವುದು. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಇಲ್ಲದೆ, ಸದ್ದು ಕೇಳಿಕೊಂಡು ಅಂದಾಜಿಗೆ ಬಿಗಿಯಬೇಡಿ. ಜಾಸ್ತಿ ಬಿಗಿಯಾದರೆ ವಾಲ್ವ್ ಸುಡುತ್ತದೆ. ಸ್ವಲ್ಪ ಟಕಟಕ ಅನ್ನುತ್ತಿದ್ದರೆ ಪರವಾಗಿಲ್ಲ.

ದಿನಾ ದೂರ ಓಡಿಸುವವರು:

ಚೈನ್ ಬಗ್ಗೆ ಎರಡು ಮಾತು. ಎಲ್ಲರೂ ಒಂದೇ ಜಾಗದಲ್ಲಿ ಒತ್ತಿ ನೋಡಿ ಬಿಗಿಯುತ್ತಾರೆ. ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಚಕ್ರವನ್ನು ನಿಧಾನ ತಿರುಗಿಸಿ ಅತಿ ಬಿಗಿ ಇರುವ ಜಾಗ ಹುಡುಕಿ, ಅಲ್ಲಿ ಅಳತೆ ಮಾಡಿ. ಕೆಳಗಿನ ಸಾಲಿನ ನಡುವೆ ಮೇಲೆ ಕೆಳಗೆ ಸೇರಿ ಎರಡು ಎರಡೂವರೆ ಸೆಂಟಿಮೀಟರ್ ಆಡಬೇಕು, ಸರಿಯಾದ ಅಂಕಿ ಚೈನ್ ಕವರಿನ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಸಿಗುತ್ತದೆ. ಎಂಜಿನ್ ಓಡುತ್ತಿರುವಾಗ, ಗೇರಿನಲ್ಲಿಟ್ಟು ಬಟ್ಟೆ ಹಿಡಿದು ಚೈನ್ ಒರೆಸುವವರಿದ್ದಾರೆ. ಬೆರಳು ಬೇಕಿದ್ದರೆ ಹಾಗೆ ಮಾಡಬೇಡಿ, ಕೈಯಲ್ಲೇ ಚಕ್ರ ತಿರುಗಿಸಿ. ಸೀಮೆಎಣ್ಣೆಯಲ್ಲಿ ಬ್ರಷ್ ಮಾಡಿ, ಒಣಗಿಸಿ, 90ರ ಗೇರ್ ಆಯಿಲ್ ಒಳಗಿನ ಬದಿಗೆ ಹನಿಸಿ. ಚೈನ್ ಜೋಡಿಸುವ ಲಾಕ್ ಕ್ಲಿಪ್ ಬಿಚ್ಚಿದ್ದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಒಂದನ್ನೇ ಬದಲಿಸುವುದು ದಂಡ, ಇಡೀ ಸೆಟ್ ಹಾಕಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಹಿಂದಿನದನ್ನು ಅಂಗಡಿಯಲ್ಲಿ ಹಾಕಿಸಿದೆ, ಮುಂದಿನದನ್ನು ನಾನೇ ಹಾಕಿದೆ. ಪ್ಲೇಟಿನ ಕಚ್ಚು ಸರಿಯಾಗಿ ಕೂತಿದೆ, ಮೂರು ಸಲ ನೋಡಿದ್ದೇನೆ. ಆದರೆ ಚಕ್ರ ತಿರುಗಿಸಿದರೆ ಟೈರ್ ಒಂದು ಕಡೆ ಮೇಲೆ ಕೆಳಗೆ ಕುಣಿಯುತ್ತದೆ. ರಿಮ್ ಮಾತ್ರ ನೇರ ಇದೆ. ಟೈರೇ ಸರಿ ಇಲ್ವಾ?

ತಮ್ಮ ಬೈಕಿನ ಕೆಲಸ ತಾವೇ ಮಾಡಿಕೊಳ್ಳುವವರು:

ಟೈರ್ ಸರಿಯಾಗೇ ಇರುತ್ತದೆ, ಬೀಡು ಕೂತಿಲ್ಲ. ರಿಮ್ಮಿನ ಅಂಚಿನ ಪಕ್ಕದಲ್ಲೇ ಟೈರಿನ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಓಡುತ್ತದೆ. ರಿಮ್ಮಿನಿಂದ ಆ ಗೆರೆಯವರೆಗಿನ ಅಂತರ ಎಲ್ಲ ಕಡೆ ಒಂದೇ ಇರಬೇಕು. ನಿಮ್ಮದರಲ್ಲಿ ಒಂದು ಕಡೆ ಗೆರೆ ಒಳಗೆ ಮುಳುಗಿರುತ್ತದೆ, ನೋಡಿ. ಗಾಳಿ ಪೂರ್ತಿ ಬಿಡಿ, ಆ ಜಾಗಕ್ಕೆ ಮತ್ತೆ ಸೋಪಿನ ನೀರು ಹಚ್ಚಿ, ಕೈಯಲ್ಲಿ ಅಲುಗಾಡಿಸಿ, ಆಮೇಲೆ ಮಾಮೂಲಿಗಿಂತ ಜಾಸ್ತಿ ಗಾಳಿ ಹಾಕಿ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ಮಾತ್ರ ದಾಟಬೇಡಿ. ಟಪ್ ಅಂತ ಸದ್ದು ಬಂದು ಗೆರೆ ಹೊರಗೆ ಬರುತ್ತದೆ. ಬರದಿದ್ದರೆ ಇನ್ನೊಮ್ಮೆ ಅದೇ.

ಕೂತ ಮೇಲೆ ಗಾಳಿಯನ್ನು ಬೈಕಿನ ಸ್ಟಿಕ್ಕರಿನಲ್ಲಿರುವ ಮಟ್ಟಕ್ಕೆ ಇಳಿಸಿ, ಟೈರ್ ತಣ್ಣಗಿರುವಾಗ ಅಳೆಯಿರಿ. ಈ ಸೈಜಿನ ಬೈಕುಗಳಿಗೆ ಮುಂದೆ 25 ಪಿಎಸ್ಐ, ಹಿಂದೆ ಒಬ್ಬರಿಗೆ 28ರ ಆಸುಪಾಸು ಇರುತ್ತದೆ, ಹಿಂದೆ ಇನ್ನೊಬ್ಬರು ಕೂತರೆ ಜಾಸ್ತಿ ಬೇಕು. ಹೊಸ ಟೈರಿನ ಮೇಲ್ಮೈ ನುಣುಪು, ಮೊದಲ 150 ಕಿಮೀ ವಾಲಿಸಬೇಡಿ, ಬ್ರೇಕ್ ಗಕ್ಕನೆ ಹಿಡಿಯಬೇಡಿ. ಅಷ್ಟು ಓಡಿದ ಮೇಲೆ ಆಕ್ಸಲ್ ನಟ್, ಟಾರ್ಕ್ ರಾಡ್, ಸ್ಪೋಕ್‌ಗಳನ್ನು ಮತ್ತೊಮ್ಮೆ ನೋಡಿ. ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕನ್ನು ತಟ್ಟಿ. ಟಣ್ ಅನ್ನದೆ ಮಂಕಾಗಿ ಸದ್ದು ಮಾಡುವುದು ಸಡಿಲ ಇದ್ದದ್ದು.

ಹಿಂದಿನ ಬ್ರೇಕ್ ಶೂ ಹೇಗಿತ್ತು ಅಂತ ಹೇಳಲೇ ಇಲ್ಲವಲ್ಲ?