ಜನಸಂಖ್ಯಾ ಭೂಗೋಳ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ಭೂಗೋಳ ಎಂ.ಎ. ಮೊದಲ ಸೆಮ್‌ನಲ್ಲಿದ್ದೇನೆ. ಬೆಳವಣಿಗೆ, ವಲಸೆ, ವೃದ್ಧಾಪ್ಯ ಮೂರೂ ಯೂನಿಟ್ ಓದಾಯಿತು. ಪುಸ್ತಕ ಮುಚ್ಚಿದರೆ ಅಂಕಿಗಳೆಲ್ಲ ಕಲಸುಮೇಲೋಗರ. ಓದಿ ಮುಗಿಸಿದವರು ಸ್ವಲ್ಪ ಹೇಳಿ.

ಕೊಪ್ಪದ ಕಡೆಯವಳು:
ಮೂರಕ್ಕೂ ಬೇರೆ ಬೇರೆ ನೋಟ್ಸ್ ಮಾಡಿಕೊಂಡು ನಾನೂ ಕೆಟ್ಟೆ. ದಾರಿ ಸಿಕ್ಕಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಂಕಿಯಿಂದ. 2001–2011ರಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತು, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು. ಚಿಕ್ಕಮಗಳೂರಿನದು ಸುಮಾರು 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು! ಸಾವಿಗಿಂತ ಹುಟ್ಟೇ ಹೆಚ್ಚು, ಆದರೂ ಇಳಿಕೆ. ಅಂದರೆ ಊರು ಬಿಟ್ಟವರ ಲೆಕ್ಕ ಅದು. ನಮ್ಮ ರೇಷನ್ ಕಾರ್ಡಿನಲ್ಲಿ ಆರು ಹೆಸರಿವೆ, ಸಂಜೆ ಜಗುಲಿಯಲ್ಲಿ ಕೂರುವುದು ಅಪ್ಪ ಅಮ್ಮ ಇಬ್ಬರೇ. ಹರೆಯದವರು ಹೊರಟರೆ, ವಯಸ್ಸಾದವರು ಒಬ್ಬರೂ ಹೆಚ್ಚದಿದ್ದರೂ ಅವರ ಪ್ರಮಾಣ ಏರುತ್ತದೆ. ಇಷ್ಟು ಹೊಳೆದ ಮೇಲೆ ಮೂರು ಯೂನಿಟ್ಟೂ ಒಂದೇ ಆದವು.

ರಾಯಚೂರು ಜಿಲ್ಲೆ, ಮೇಷ್ಟ್ರು:
ಅಂಕಿ ಬಾಯಿಪಾಠ ಮಾಡೋಕಿಂತ ಮೊದಲು ಯಾವಾಗ ಎಣಿಸ್ಯಾರ ಅನ್ನೋದು ನೋಡ್ರಿ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರ ತನಕ. ಆ ಹೊತ್ತಿಗೆ ನಮ್ಮ ಕಡೆ ಎಷ್ಟೋ ಮನಿಗೆ ಕೀಲಿ, ಮಂದಿ ಗುಳೆ ಹೋಗಿರತಾರ. ಮಳಿಗಾಲಕ್ಕ ವಾಪಸ್. ಜನಗಣತಿ ಕೇಳೋದು ಹುಟ್ಟಿದ ಊರು, ಹಿಂದಿದ್ದ ಊರು. ಹೀಂಗ ಹೋಗಿ ಬರೋ ಮಂದಿ ಆ ಟೇಬಲ್‌ನಾಗ ನೆಟ್ಟಗ ಕಾಣಂಗಿಲ್ಲ. ಗುಳೆಗೂ ಕಾಯಂ ವಲಸೆಗೂ ಇರೋ ಈ ಫರಕ್ ಉತ್ತರದಾಗ ಬಿಡಬ್ಯಾಡ್ರಿ.

ಉಡುಪಿಯವ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಲಸೆ ಎಂದರೆ ಕೆಲಸಕ್ಕೆ ಹೋಗುವುದು ಅಂತಷ್ಟೇ ಬರೆದು ಅಂಕ ಕಳೆದುಕೊಂಡವ ನಾನು. ಹೆಂಗಸರ ವಲಸೆಗೆ ಜನಗಣತಿಯಲ್ಲಿ ದೊಡ್ಡ ಕಾರಣ ಮದುವೆ. ಪಕ್ಕದ ಊರಿಂದ ಮದುವೆಯಾಗಿ ಬಂದ ನಮ್ಮಜ್ಜಿಯೂ ಆ ಲೆಕ್ಕಕ್ಕೆ ವಲಸಿಗಳೇ! ಇನ್ನೊಂದು ಗುಂಡಿ: 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ಇಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟುತ್ತಾರೆ ಅಂತ ಬರೆದೀರಿ ಮತ್ತೆ. 0–6 ವಯಸ್ಸಿನಲ್ಲಿ ಇಲ್ಲೂ ಗಂಡುಮಕ್ಕಳೇ ಜಾಸ್ತಿ. ದೊಡ್ಡವರಾದ ಮೇಲೆ ಮುಂಬೈ, ಗಲ್ಫ್ ಅಂತ ಹೊರಡುತ್ತಾರೆ.

ಪಿಯು ಉಪನ್ಯಾಸಕಿ:
ವಯೋ-ಲಿಂಗ ಪಿರಮಿಡ್ (ವಯಸ್ಸಿನ ಗುಂಪುಗಳನ್ನು ಕೆಳಗಿಂದ ಮೇಲಕ್ಕೆ, ಗಂಡು ಒಂದು ಬದಿ, ಹೆಣ್ಣು ಇನ್ನೊಂದು ಬದಿ ಇಟ್ಟ ಚಿತ್ರ) ನೋಡಿ ಬಿಡಬೇಡಿ, ಗ್ರಾಫ್ ಹಾಳೆಯಲ್ಲಿ ಕೈಯಾರೆ ಬರೆಯಿರಿ. ಕೇರಳ, ಬಿಹಾರ ಅಕ್ಕಪಕ್ಕ. 2011ರಲ್ಲಿ 60 ದಾಟಿದವರು ಕೇರಳದಲ್ಲಿ ಶೇ 12.6, ಬಿಹಾರದಲ್ಲಿ ಶೇ 7.4. ಬಿಹಾರದ ಬುಡ, ಅಂದರೆ ಮಕ್ಕಳ ಸಾಲು, ಎಷ್ಟು ಅಗಲ ಎಂದು ಸ್ಕೇಲ್ ಹಿಡಿದಾಗಲೇ ತಿಳಿಯುವುದು. 2021ರ ಜನಗಣತಿ ನಡೆಯಲಿಲ್ಲವಲ್ಲ, ಹಾಗಾಗಿ ಪ್ರತಿ ಅಂಕಿಯ ಪಕ್ಕ ವರ್ಷ ಹಾಕಿ.